ಸೋಲದವನೇ ದೊಡ್ಡವನಾ? ಖಂಚನಾಳೆ ಅವರನ್ನ ಯಾವ ಸಾಲಿನ್ಯಾಗ ನಿಲ್ಲಸ್ತೀರಿ?

1/6
ದೋಸ್ತರೇ, ನಮ್ಮ ಕ್ಲಾಸ್ ಗ್ರೂಪಿನ್ಯಾಗ ಒಂದು ವಾರದಿಂದ ಒಂದೇ ಜಗಳ. ಭಾರತದ ಅತಿ ದೊಡ್ಡ ಪೈಲ್ವಾನ ಯಾರು? ಅರ್ಧ ಮಂದಿ ಗಾಮಾ ಅಂತಾರ, ಅರ್ಧ ಮಂದಿ ದಾರಾ ಸಿಂಗ್ ಅಂತಾರ. ಎರಡೂ ಕಡೆಯವರ ವಾದ ಒಂದೇ: "ಜೀವನದಾಗ ಒಂದೂ ಸೋತಿಲ್ಲ." ಮ್ಯಾಲೆ ಬೆಂಕಿ ಇಮೋಜಿ. ಮುಗೀತು.

ನಾ ಶ್ರೀಪತಿ ಖಂಚನಾಳೆ ಅಂತ ಹೆಸರು ಹಾಕಿದೆ. ಒಬ್ಬ "ಅವರ್ಯಾರು?" ಅಂದ. ಇನ್ನೊಬ್ಬ "ಅವರು ಮಹಾರಾಷ್ಟ್ರದವರು ಬಿಡಲೇ" ಅಂದ. ಈ ಎರಡು ಮಾತಿಗೆ ಉತ್ತರ ಈ ಆರು ಪೋಸ್ಟು. ಓದಿ ಬೈರಿ, ಓದದೇ ಬೈಬ್ಯಾಡ್ರಿ.

2/6
ಮೊದಲು "ಅವರ್ಯಾರು" ಅಂದವನಿಗೆ. ಶ್ರೀಪತಿ ಖಂಚನಾಳೆ ಹುಟ್ಟಿದ್ದು 1934ರಾಗ, ಬೆಳಗಾವಿ ಜಿಲ್ಲೆ ಚಿಕ್ಕೋಡಿ ತಾಲೂಕಿನ ಯಕ್ಸಂಬಾದಾಗ. ಪೈಲ್ವಾನ ಆಗಿ ಬೆಳೆದದ್ದು ಕೊಲ್ಲಾಪುರದ ತಾಲೀಮಿನ್ಯಾಗ. 1959ರಲ್ಲಿ ದೆಹಲಿಯೊಳಗ ಪಂಜಾಬಿನ ಬಂತಾ ಸಿಂಗ್ ಅವರನ್ನ ಸೋಲಿಸಿ ಹಿಂದ್ ಕೇಸರಿ ಆದರು. 2020ರ ಡಿಸೆಂಬರಿನಲ್ಲಿ, 86ನೇ ವಯಸ್ಸಿಗೆ, ಕೊಲ್ಲಾಪುರದಾಗ ತೀರಿಕೊಂಡರು.

ಆ ಕಾಲದಾಗ ಪಂಜಾಬ ಅಂದ್ರ ಏನು ಅನ್ನೋದನ್ನ ನೆನಪಿಡ್ರಿ. ಗಾಮಾನನ್ನ ಸಾಕಿದ ಪಟಿಯಾಲಾ ದರ್ಬಾರು ಅಲ್ಲಿತ್ತು. ದಾರಾ ಸಿಂಗ್ ಹುಟ್ಟಿದ್ದೂ ಅಲ್ಲೇ. ಆ ಮಣ್ಣಿನ ಪೈಲ್ವಾನನ್ನ, ಅವರಿಗೆ ಹತ್ತಿರದ ಕಣದಾಗ, ಕೃಷ್ಣಾ ತೀರದ ಕಡೆಯ ಹುಡುಗ ಹೋಗಿ ಕೆಡವಿದ. ಇದು ಸಣ್ಣ ಮಾತಾ?

3/6
ಈಗ "ಸೋತಿಲ್ಲ" ಅನ್ನೋ ವಾದಕ್ಕ ಬರೋಣ. ಮಂದಿಗೆ ಭಾಳ ಪ್ರೀತಿ ಈ ಮಾತಿನ ಮ್ಯಾಲೆ. ಬಾಕ್ಸಿಂಗ್ ನೋಡ್ರಿ. ಹೆವಿವೇಟ್ ಚಾಂಪಿಯನ್ ರಾಕಿ ಮಾರ್ಸಿಯಾನೊ 49 ಪಂದ್ಯ ಆಡಿ 49ನ್ನೂ ಗೆದ್ದ. ಮಹಮ್ಮದ್ ಅಲಿ ಐದು ಸಲ ಸೋತ. ನೀವು ಗ್ವಾಡಿಗೆ ಹಚ್ಚಿದ ಪೋಸ್ಟರು ಯಾರದು? ಅಲಿದು. ಯಾಕ? ಅಲಿ ಎದುರಿಗೆ ನಿಂತವರು ಲಿಸ್ಟನ್, ಫ್ರೇಜಿಯರ್, ಫೋರ್‌ಮನ್. ಫ್ರೇಜಿಯರ್ ಕಡೆ 1971ರಾಗ ಸೋತು, ಆಮೇಲೆ ಅವನನ್ನೇ ಎರಡು ಸಲ ಸೋಲಿಸಿದ. ಸೋಲು ಎಷ್ಟು ಅನ್ನೋದಕ್ಕಿಂತ ಯಾರ ಎದುರಿಗೆ, ಸೋತ ಮ್ಯಾಲೆ ಏನು ಮಾಡಿದ ಅನ್ನೋದು ದೊಡ್ಡದು.

ಗಾಮಾ ಕತಿನೂ ಪೂರ್ತಿ ಹೇಳ್ರಿ. ರಹೀಂ ಬಖ್ಷ್ ಸುಲ್ತಾನಿವಾಲಾ ಜೋಡಿ ಮೊದಲು ಆಡಿದ ಕುಸ್ತಿ ಸಮ ಆಗಿತ್ತು. 1910ರಾಗ ಲಂಡನ್ನಿನ್ಯಾಗ ಜಿಬಿಸ್ಕೋ ಜೋಡಿ ಎರಡೂವರೆ ತಾಸಿಗೂ ಹೆಚ್ಚು ಹಿಡದಾಡಿದ್ರೂ ಸಮ. ಮುಂದಿನ ವಾರ ಜಿಬಿಸ್ಕೋ ಕಣಕ್ಕ ಬರಲೇ ಇಲ್ಲ. ರೀಲ್ಸಿನ್ಯಾಗ ಓಡಾಡೋ "ಒಂದು ನಿಮಿಷದಾಗ ಚಿತ್" ಕುಸ್ತಿ 1928ರದು, ಪಟಿಯಾಲಾದ್ದು. ಆಗ ಇಬ್ಬರಿಗೂ ಹೆಚ್ಚು ಕಡಿಮಿ ಐವತ್ತು ವರ್ಷ! ಇದನ್ನ ಹೇಳಿದ್ರ ಗಾಮಾ ಸಣ್ಣವ ಆಗಂಗಿಲ್ಲ. ಪರದೇಶಕ್ಕ ಹೋಗಿ "ಯಾರು ಬೇಕಾದ್ರೂ ಬರ್ರಿ" ಅಂತ ಸವಾಲು ಹಾಕಿದ ಮನುಷ್ಯ ಅವನು. ಅವನ ದೊಡ್ಡಸ್ತಿಕಿ ಆ ಸವಾಲಿನ್ಯಾಗ ಐತಿ, ಸೊನ್ನಿಯೊಳಗ ಇಲ್ಲ.

4/6
ಇನ್ನು ತಕ್ಕಡಿ. ನಮ್ಮ ಸವಣೂರಿನ ದೊಡ್ಡ ಹುಣಸಿ ಮರದ ಸುತ್ತಳತಿ ಅಳದ್ರ ಯಾವ ತೆಂಗೂ ಹತ್ರ ಬರಂಗಿಲ್ಲ. ಎತ್ತರ ಅಳೀರಿ, ತೆಂಗೇ ಗೆದ್ದೀತು. ಅಳತಿ ಯಾವುದು ಅಂತ ಹೇಳದೇ "ದೊಡ್ಡದು" ಅನ್ನೋದು ಬರೇ ಬಾಯಿಮಾತು.

ದಾರಾ ಸಿಂಗ್ 1968ರಾಗ ಮುಂಬೈಯೊಳಗ ಲೂ ಥೆಜ್‌ನನ್ನ ಸೋಲಿಸಿದರು. ಖರೆ. ಆದ್ರ ಅದು ವೃತ್ತಿಪರ ಕುಸ್ತಿಯ ಲೋಕ. ಅಲ್ಲಿ ಪೈಪೋಟಿ ಜೋಡಿ ಪ್ರದರ್ಶನನೂ ಕೂಡೇ ಇರತೈತಿ. ಆ ಲೆಕ್ಕಾನ ಹಿಂದ್ ಕೇಸರಿ ಕಣದ ಲೆಕ್ಕಕ್ಕ ಕೂಡಸಾಕ ಬರಂಗಿಲ್ಲ. ಅದೂ ಅಲ್ದ, ನಿಮ್ಮಲ್ಲಿ ಅರ್ಧ ಮಂದಿ ವೋಟು ಹಾಕಿದ್ದು ಟಿವಿ ರಾಮಾಯಣದ ಹನುಮಂತಗ, ಪೈಲ್ವಾನಗ ಅಲ್ಲ!

ಗಣಪತ ಆಂದಳಕರ 1960ರ ಹಿಂದ್ ಕೇಸರಿ. 1962ರ ಜಕಾರ್ತಾ ಏಷ್ಯನ್ ಗೇಮ್ಸಿನ್ಯಾಗ ಪದಕ ತಂದರು. ಮಣ್ಣು, ಮ್ಯಾಟು ಎರಡೂ ಅಂತ ಅಳದ್ರ ಆಂದಳಕರ ಖಂಚನಾಳೆಗಿಂತ ಮ್ಯಾಲೆ. ಹೌದು, ನಾನೇ ಹೇಳ್ತೀನಿ, ನಮ್ಮವರು ಅಂತ ತಕ್ಕಡಿ ಒತ್ತಂಗಿಲ್ಲ. ಖಾಶಾಬಾ ಜಾಧವ 1952ರ ಹೆಲ್ಸಿಂಕಿ ಒಲಿಂಪಿಕ್ಸಿನ್ಯಾಗ ಕಂಚು ತಂದರು, ಸ್ವತಂತ್ರ ಭಾರತದ ಮೊದಲ ವೈಯಕ್ತಿಕ ಪದಕ. ತೂಕ 57 ಕೆಜಿ ವಿಭಾಗ. "ಭಾರಿ ಮೈ ಇದ್ದವನೇ ದೊಡ್ಡ ಪೈಲ್ವಾನ" ಅಂದ್ರ ಅವರನ್ನ ಎಲ್ಲಿ ಇಡ್ತೀರಿ?

ನನ್ನ ಲೆಕ್ಕ ಇಷ್ಟು: ಮಣ್ಣಿನ ಕುಸ್ತಿ, ಭಾರಿ ತೂಕ, ಸ್ವಾತಂತ್ರ್ಯ ಬಂದ ಮೇಲಿನ ಮೊದಲ ಇಪ್ಪತ್ತು ವರ್ಷ. ಈ ಅಳತಿಯೊಳಗ ಖಂಚನಾಳೆ ಮೊದಲ ಸಾಲಿನವರು. ಗಾಮಾಗಿಂತ ಮ್ಯಾಲೆ ಅನ್ನಂಗಿಲ್ಲ. ಪಟ್ಟಿಯಿಂದ ಹೊರಗ ಅಂದ್ರ ಸುಮ್ನ ಕೂಡಂಗಿಲ್ಲ.

5/6
"ಮಹಾರಾಷ್ಟ್ರದವರು ಬಿಡು" ಅಂದ ದೋಸ್ತಗ. ಚಿಕ್ಕೋಡಿನೂ ನಮ್ಮ ಸವಣೂರೂ ಮುಂಬೈ ರಾಜ್ಯದಿಂದ ಮೈಸೂರು ರಾಜ್ಯಕ್ಕ ಬಂದದ್ದು ಒಂದೇ ದಿನ, 1956ರ ನವೆಂಬರ್ 1. ಅವರು ಹಿಂದ್ ಕೇಸರಿ ಆಗೋ ಹೊತ್ತಿಗೆ ಅವರ ಹುಟ್ಟೂರೂ ನಮ್ಮೂರೂ ಒಂದೇ ರಾಜ್ಯದಾಗ ಇದ್ದವು. ಹಂಗಂತ ಕೊಲ್ಲಾಪುರದ ಪಾಲು ಕಸಗೋಬಾರದು. ಶಾಹೂ ಮಹಾರಾಜರು ಆಸರೆ ಕೊಟ್ಟ ತಾಲೀಮುಗಳು ಇಲ್ದಿದ್ರ ಈ ಭಾಗದ ಎಷ್ಟೋ ಪೈಲ್ವಾನರು ಹೊಲದಾಗೇ ಉಳೀತಿದ್ರು. ಹೆತ್ತವರು ನಾವು, ಸಾಕಿದವರು ಅವರು. ಅವರು ಇಂದಿಗೂ ಹೆಸರು ಹೇಳ್ತಾರ, ನಾವು "ಯಾರು" ಅಂತೀವಿ. ನಾಚಿಕಿ ಯಾರಿಗೆ ಬರಬೇಕು?

6/6
"ಇಷ್ಟು ಹಳೇ ವಿಷಯಕ್ಕ ಇಷ್ಟ್ಯಾಕ ಉರೀತಿ?" ಅಂತೀರೇನ? ಯಾಕಂದ್ರ ಈ "ಸೋತಿಲ್ಲ" ಹುಚ್ಚು ನಮ್ಮ ಗರಡಿ ಮನಿಗೆ ಬಂದೈತಿ. ಜಾತ್ರಿ ಕುಸ್ತಿಯೊಳಗ ತನಗಿಂತ ಗಟ್ಟಿ ಜೋಡಿ ಬಂದ್ರ "ಕಾಲು ನೋವು" ಅಂತ ಕೆಳಗಿಳಿಯೋ ಹುಡುಗರನ್ನ ನೋಡೀನಿ. ಚಿತ್ ಆದ ವಿಡಿಯೋ ಸ್ಟೋರಿಗೆ ಬಿತ್ತಂತ ಗರಡಿನ ಬಿಟ್ಟ ಎಂಟನೇತ್ತೆ ಹುಡುಗ ನಮ್ಮ ಓಣ್ಯಾಗೇ ಅದಾನ. ಅವನಿಗೆ ಕಾಣೋ ರೀಲ್ಸಿನ್ಯಾಗ ದೊಡ್ಡವರು ಯಾರೂ ಸೋಲಂಗಿಲ್ಲ. ಸುಳ್ಳು ಲೆಕ್ಕ ಹೇಳಿ ಅವನನ್ನ ಕಣದಿಂದ ಇಳಿಸಿದವರು ಯಾರು? ಲೈಕ್ ಒತ್ತಿದ ನೀವು, ನಾವು.

ಅದಕ್ಕ ಇನ್ಮ್ಯಾಲೆ ಪೈಲ್ವಾನನ ಪೋಸ್ಟ್ ಹಾಕೋ ಮುಂದ ಮೂರು ಸಾಲು ಬರೀರಿ: ಎದುರಿಗೆ ಯಾರಿದ್ರು, ಯಾವ ಕಣ, ಯಾವ ವಯಸ್ಸು. ಬರಿಯಾಕ ಬರದಿದ್ರ ಬೆಂಕಿ ಇಮೋಜಿನೂ ಹಾಕಬ್ಯಾಡ್ರಿ.

ಒಪ್ಪದವರು ಕಾಮೆಂಟಿಗೆ ಬರ್ರಿ, ಅಳತಿ ಹೇಳಿ ಜಗಳಾಡ್ರಿ. ಒಪ್ಪಿದವರು ಗರಡಿಗೆ ಹೋಗೋ ನಿಮ್ಮ ತಮ್ಮಗ ಕಳಸ್ರಿ.

#ಖಂಚನಾಳೆ #ಹಿಂದ್‌ಕೇಸರಿ #ಮಣ್ಣಿನಕುಸ್ತಿ #ನಮ್ಮಸವಣೂರು