ಮಾರಲು ಕನ್ನಡ, ಕಸಿಯಲು ಇಂಗ್ಲಿಷ್!



ಬೋರ್ಡುಗಳಲ್ಲಿ ಶೇ. 60 ಕನ್ನಡವಿರಬೇಕೆಂಬ ಕಾನೂನು 2024ರಲ್ಲಿ ಬಂತು. ಬೆಂಗಳೂರಿನ ನಿಮ್ಮ ಬೀದಿಯಲ್ಲಿ ಸಿಹಿ ಹಂಚಿದಿರಾ? ಹಂಚಿ, ತಪ್ಪಿಲ್ಲ. ಆದರೆ ಒಂದು ಮಾತು ತಿಳಿದಿರಲಿ: ಬಂಡವಾಳಶಾಹಿಗೆ ಕನ್ನಡದ ಮೇಲೆ ದ್ವೇಷವಿಲ್ಲ. ಶಾಂಪೂ ಪೊಟ್ಟಣ ಮಾರಬೇಕೇ? ಚಳ್ಳಕೆರೆ ಬಸ್ ಸ್ಟ್ಯಾಂಡಿನ ಪೆಟ್ಟಿಗೆ ಅಂಗಡಿಯವರೆಗೆ ಅದು ಕನ್ನಡ ಮಾತಾಡಿಕೊಂಡೇ ಬರುತ್ತದೆ. ಜೇಬಿಗೆ ಕೈ ಹಾಕುವಾಗ ಕನ್ನಡ, ನೆಲದ ತೀರ್ಮಾನ ಮಾಡುವಾಗ ಇಂಗ್ಲಿಷ್. ಇದು ಅದರ ನಿಯತ್ತು!

ಚಳ್ಳಕೆರೆಯ ಅಮೃತಮಹಲ್ ಕಾವಲುಗಳನ್ನೇ ನೋಡಿ. ಮೈಸೂರು ಅರಸರ ಕಾಲದ ಹುಲ್ಲುಗಾವಲು. ಕುರಿ-ದನಗಳ ಮೇವು, ಕಂಬಳಿ ನೇಯುವವರ ಅನ್ನ. 2010ರ ಆಸುಪಾಸಿನಲ್ಲಿ ಸುಮಾರು 10,000 ಎಕರೆಯನ್ನು ರಕ್ಷಣೆ, ಅಣುಶಕ್ತಿ, ಬಾಹ್ಯಾಕಾಶ, ವಿಜ್ಞಾನದ ಸಂಸ್ಥೆಗಳಿಗೆ, ಜೊತೆಗೊಂದು ಖಾಸಗಿ ಸೋಲಾರ್ ಕಂಪನಿಗೆ ಹಂಚಿದರು. ನಮ್ಮನ್ನು ಯಾರೂ ಕೇಳಲಿಲ್ಲವೆಂದು ಹಳ್ಳಿಯವರು ದೂರಿದರು. ಪ್ರಕರಣ ಹಸಿರು ನ್ಯಾಯಮಂಡಳಿಯ ಮೆಟ್ಟಿಲೇರಿತು. 'ಕಾವಲು' ಎನ್ನುವ ಮಾತಿನಲ್ಲೇ ಕಾಯುವ ಹೊಣೆ ಇದೆ. ಕಡತದ ಭಾಷೆಯಲ್ಲಿ ಅದು ಬರೀ 'ಲ್ಯಾಂಡ್', ಇಷ್ಟು ಎಕರೆ!

ಪಕ್ಕದ ಮೊಳಕಾಲ್ಮೂರಿಗೆ ಬನ್ನಿ. ಅಲ್ಲಿನ ರೇಷ್ಮೆ ಸೀರೆಗೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಊರಿನ ಹೆಸರೇ ಸರಕಾಯಿತು. ಆದರೆ ಅದಕ್ಕೆ ಹಾಕುವ ಅರ್ಜಿ ಇಂಗ್ಲಿಷ್ ಇಲ್ಲವೇ ಹಿಂದಿಯಲ್ಲಿರಬೇಕು. ನೋಂದಣಿ ಕಚೇರಿ ಚೆನ್ನೈಯಲ್ಲಿ. ಹೆಸರು ಮೊಳಕಾಲ್ಮೂರಿನದು, ಬೆವರು ನೇಕಾರನದು, ಹಕ್ಕಿನ ಕಾಗದದಲ್ಲಿ ಮಾತ್ರ ಅವನ ಭಾಷೆಗೆ ಜಾಗವಿಲ್ಲ!

ಇದೇ ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕ ಚಕ್ರವರ್ತಿ ತನ್ನ ಆಜ್ಞೆಯನ್ನು ಪ್ರಾಕೃತದಲ್ಲಿ ಕೆತ್ತಿಸಿದ. ಆಳುವವರ ಭಾಷೆ ಅಂದೂ ಬೇರೆಯೇ. ಆದರೆ ಅವನು ಬಯಲಿನ ಬಂಡೆಯ ಮೇಲಾದರೂ ಕೆತ್ತಿಸಿದ! ಇಂದಿನ ದೊರೆಗಳೇನು ಮಾಡಿದರು? 2020ರಲ್ಲಿ ಪರಿಸರ ಪರಿಣಾಮ ಅಧಿಸೂಚನೆಯ ಕರಡನ್ನು ಇಂಗ್ಲಿಷ್, ಹಿಂದಿಯಲ್ಲಷ್ಟೇ ಹೊರಡಿಸಿದರು. ಕಾರ್ಖಾನೆ, ಗಣಿಗಳಿಗೆ ಒಪ್ಪಿಗೆ ಕೊಡುವ ನಿಯಮಗಳವು. 22 ಭಾಷೆಗಳಿಗೆ ಅನುವಾದಿಸಿ ಎಂದು ದೆಹಲಿ ಹೈಕೋರ್ಟ್ ಹೇಳಿದ್ದೇ ತಡ, ಕೇಂದ್ರ ಸರ್ಕಾರ ಸುಪ್ರೀಂ ಕೋರ್ಟಿಗೆ ಓಡಿತು. ಅನುವಾದದ ಖರ್ಚಿಗೆ ಹೆದರಿತೇ? ಓದಿದವನು ಪ್ರಶ್ನೆ ಕೇಳುತ್ತಾನಲ್ಲ!

ಇನ್ನೊಂದು ಎಚ್ಚರ. ಆಂಧ್ರದ ಅಂಚಿನ ಈ ತಾಲ್ಲೂಕುಗಳಲ್ಲಿ ಎಷ್ಟೋ ಮನೆಗಳ ಮಾತು ತೆಲುಗು. ಆ ನೇಕಾರ, ಆ ಕುರಿಗಾಹಿ ಕನ್ನಡದ ಶತ್ರುಗಳೆಂದು ಯಾರಾದರೂ ಕಿವಿಯೂದಿದರೆ ನಂಬಬೇಡಿ. ಇಂಗ್ಲಿಷ್ ಕಡತದ ಮುಂದೆ ಅವರೂ ನಮ್ಮವರಂತೆಯೇ ಮೂಕರು. ಕಚೇರಿಯ ಕಾಗದ ಕನ್ನಡಕ್ಕೆ ಬಂದರೆ ಅವರಿಗೂ ಬಾಯಿ ಬರುತ್ತದೆ.

ಬೋರ್ಡಿಗೆ ಬಳಿದ ಮಸಿ ಒಂದು ಮಳೆಗೆ ತೊಳೆದುಹೋಗುತ್ತದೆ. ಇನ್ನು ಮುಂದೆ ಕಾಗದ ಕೇಳಿ. ಜಮೀನಿನ ನೋಟೀಸು, ಸಾಲದ ಪತ್ರ, ಕೂಲಿಯ ಕರಾರು, ಕಂಪನಿಯ ಯೋಜನಾ ವರದಿ, ಎಲ್ಲವೂ ಪೂರ್ತಿ ಕನ್ನಡದಲ್ಲಿ ಬರಲಿ. ಬರುವ ತನಕ, ಇಂಗ್ಲಿಷ್ ಕಲಿತ ನೀವು ಊರಿಗೆ ಹೋದಾಗ ಅವನ್ನು ಕಟ್ಟೆಯ ಮೇಲೆ ಕೂತು ಸಾಲು ಸಾಲಾಗಿ ಓದಿ ಹೇಳಿ. ಕನ್ನಡದಲ್ಲಿಲ್ಲದ ಕಾಗದಕ್ಕೆ ಸಹಿಯೂ ಇಲ್ಲ, ಹೆಬ್ಬೆಟ್ಟೂ ಇಲ್ಲ!