ಕಿವಿಗೆ ಪಾಠ, ಕೈಗೆ ಗೆರೆ

ಇಶಾ ನಮಾಜ್ ಮುಗಿದು, ಊಟವಾಗಿ, ಮಲಗುವ ಹೊತ್ತಿಗೆ ನಿಮ್ಮ ಕೈಯಲ್ಲಿ ಏನಿರುತ್ತದೆ? ಹೆಚ್ಚಿನ ಮನೆಗಳಲ್ಲಿ ಮೊಬೈಲ್. ಕಣ್ಣು ದಣಿಯುತ್ತದೆ, ನಿದ್ದೆ ದೂರವಾಗುತ್ತದೆ. ಅದೇ ಮೊಬೈಲನ್ನು ಮಗುಚಿಟ್ಟು ಅದರ ದನಿಯನ್ನಷ್ಟೇ ಬಳಸಿಕೊಳ್ಳಬಹುದು.

ಅಮೆರಿಕದ ರಿಕ್ ರಾಬರ್ಟ್ಸ್ ಮತ್ತು ಮರಿಯಾ ಥಾಮಸ್ ರೂಪಿಸಿದ ‘ಝೆನ್‌ಟ್ಯಾಂಗಲ್’ ಎಂಬ ಚಿತ್ರಾಭ್ಯಾಸ ಈಗ ಹಲವು ದೇಶಗಳಲ್ಲಿದೆ. ಮೂರೂವರೆ ಇಂಚಿನ ಚೌಕ ಕಾಗದ, ಒಂದು ಪೆನ್ನು, ರಬ್ಬರ್ ಬೇಡ. ಒಂದೇ ಬಗೆಯ ಗೆರೆಯನ್ನು ಮತ್ತೆ ಮತ್ತೆ ಎಳೆಯುತ್ತ ಹೋದರೆ ಗಮನ ಒಂದೆಡೆ ನಿಲ್ಲುತ್ತದೆ.

ಕಮಠಾಣದವರಿಗೆ ಇದು ಹೊರಗಿನದೇನಲ್ಲ. ಬೀದರಿನ ಮಹಮೂದ್ ಗಾವಾನ್ ಮದರಸಾದ (1472) ಗೋಡೆಯಲ್ಲಿ ಬಣ್ಣದ ಹೆಂಚಿನ ವಿನ್ಯಾಸಗಳನ್ನು ನೀವೇ ನೋಡಿದ್ದೀರಿ. ಬಿದ್ರಿ ಕುಶಲಕರ್ಮಿಯೂ ಮೈಲುತುತ್ತದಿಂದ ಕಪ್ಪಾಗಿಸಿದ ಪಾತ್ರೆಯ ಮೇಲೆ ಕೈಯಿಂದಲೇ ನಕ್ಷೆ ಗೀಚಿ, ಆಮೇಲೆ ಬೆಳ್ಳಿ ತಂತಿ ಕೂರಿಸುತ್ತಾರೆ.

ಈ ಕಸುಬು ಬಲ್ಲವರು ಪಾಡ್‌ಕಾಸ್ಟ್ ಮಾಡಬೇಕೆಂಬುದು ನನ್ನ ಅಭಿಪ್ರಾಯ. ಕನ್ನಡದಲ್ಲಿ, ದಖ್ಖನಿಯಲ್ಲಿ, ಹತ್ತೇ ನಿಮಿಷ. ತರಗತಿಗೆ ಹೋಗಲಾಗದ ತಾಯಂದಿರಿಗೂ ಓದು ಬಾರದ ಅಜ್ಜಿಯರಿಗೂ ಅದು ತಲುಪುತ್ತದೆ. ವಿಡಿಯೊಗಿಂತ ಇದೇ ಮೇಲು: ಕಣ್ಣು ಕಾಗದದ ಮೇಲೇ ಇರುತ್ತದೆ, ಇನ್ನೊಬ್ಬರ ಚಿತ್ರದೊಂದಿಗೆ ಹೋಲಿಸುವ ಚಿಂತೆಯಿಲ್ಲ. ಹೇಳುವವರು ಮಾತ್ರ ಗೆರೆ ಎಲ್ಲಿಂದ ಎಲ್ಲಿಗೆ ಎಂಬುದನ್ನು ನಿಧಾನವಾಗಿ ಹೇಳಿ, ಕೈಗೆ ಸಮಯ ಬಿಡಬೇಕು.

ಒಂದು ಎಚ್ಚರ: ಇದು ಔಷಧಿಯಲ್ಲ. ವಾರಗಟ್ಟಲೆ ನಿದ್ದೆ ಬಾರದಿದ್ದರೆ, ಬದುಕೇ ಬೇಡವೆನಿಸಿದರೆ ನಾಚಿಕೆಪಡದೆ ವೈದ್ಯರನ್ನು ಕಾಣಿರಿ. ಸರಕಾರದ ಉಚಿತ ಟೆಲಿ ಮಾನಸ್ ಸಂಖ್ಯೆ 14416. ದಿನದ ಸಾಧಾರಣ ದಣಿವಿಗಾದರೆ ಮಕ್ಕಳ ಹಳೆಯ ನೋಟ್‌ಬುಕ್ಕಿನ ಒಂದು ಖಾಲಿ ಹಾಳೆ ಸಾಕು.