ನೆರೆಯವರಿಲ್ಲದ ಮನೆಗೆ ಯಾರು ಹೋದಾರು?

ಶಿವಾಜಿನಗರ, ಟ್ಯಾನರಿ ರಸ್ತೆ, ಹಲಸೂರು, ಕೆ.ಆರ್. ಪುರ - ಬೆಂಗಳೂರಿನ ಪೂರ್ವ ಭಾಗದ ಯಾವ ಮೊಹಲ್ಲಾಕ್ಕೆ ಹೋದರೂ ಜನಾಝದ ಸುದ್ದಿ, ನಿಕಾಹ್‌ನ ಆಮಂತ್ರಣ, ಈದ್ ನಮಾಝ್‌ನ ಸಮಯ, ರಕ್ತ ಬೇಕೆಂಬ ಮೊರೆ ಎಲ್ಲವೂ ಇಂದು ವಾಟ್ಸ್ಆ್ಯಪ್‌ನಲ್ಲೇ ತಲುಪುತ್ತವೆ. ಒಂದು ಸಮುದಾಯದ ದೈನಂದಿನ ಸಂಪರ್ಕವಿಡೀ ಸಾಗರದಾಚೆಯ ಒಂದೇ ಕಂಪೆನಿಯ ಕೈಯಲ್ಲಿದೆ. ಇದು ಅಪಾಯಕಾರಿ ಎಂದು ಬಲ್ಲವರು ಹೇಳುತ್ತಲೇ ಇದ್ದಾರೆ. ಆದರೂ ಯಾರೂ ಕದಲುವುದಿಲ್ಲವೇಕೆ?

ಪರ್ಯಾಯವಿಲ್ಲವೆಂದಲ್ಲ. ಜರ್ಮನಿಯಲ್ಲಿ 2016ರಲ್ಲಿ ಆರಂಭವಾದ ಮ್ಯಾಸ್ಟೊಡಾನ್ ಜಾಲತಾಣಕ್ಕೆ ಒಬ್ಬನೇ ಯಜಮಾನನಿಲ್ಲ. ಅದರ ಸ್ವರೂಪ ನಮ್ಮವರಿಗೆ ಅಪರಿಚಿತವೂ ಅಲ್ಲ. ಪ್ರತಿ ಮಸೀದಿಗೂ ಅದರದೇ ಆಡಳಿತ ಸಮಿತಿಯಿದೆ, ಅದರದೇ ಲೆಕ್ಕಪತ್ರವಿದೆ; ಆದರೆ ಹಲಸೂರಿನವನು ಕೆ.ಆರ್. ಪುರದ ಮಸೀದಿಯ ಸಫ್‌ನಲ್ಲಿ ನಿಲ್ಲಲು ಯಾರ ಅನುಮತಿಯೂ ಬೇಕಿಲ್ಲ. ಮ್ಯಾಸ್ಟೊಡಾನ್‌ನಲ್ಲೂ ಸರ್ವರ್‌ಗಳು ಹಲವು, ಪರಸ್ಪರ ಮಾತಾಡುವ ನಿಯಮ ಒಂದೇ.

2019ರಲ್ಲಿ ಸುಪ್ರೀಂ ಕೋರ್ಟಿನ ಹಿರಿಯ ವಕೀಲ ಸಂಜಯ್ ಹೆಗ್ಡೆಯವರ ಖಾತೆಯನ್ನು ಟ್ವಿಟರ್ ಅಮಾನತುಗೊಳಿಸಿದಾಗ ಅನೇಕ ಭಾರತೀಯರು ಪ್ರತಿಭಟನೆಯಾಗಿ ಅತ್ತ ಗುಳೆ ಹೊರಟರು. 2022ರ ಅಕ್ಟೋಬರ್‌ನಲ್ಲಿ ಎಲಾನ್ ಮಸ್ಕ್ ಟ್ವಿಟರನ್ನು ಕೊಂಡಾಗ ಇನ್ನೊಂದು ಅಲೆ ಎದ್ದಿತು. ಎರಡೂ ಸಲ ಹೋದವರಲ್ಲಿ ಹೆಚ್ಚಿನವರು ಮರಳಿದರು. ಬಾಗಿಲಲ್ಲೇ 'ಯಾವ ಸರ್ವರ್?' ಎಂಬ ಪ್ರಶ್ನೆ, ಉತ್ತರ ಗೊತ್ತಿಲ್ಲ. ಒಳಹೊಕ್ಕರೆ ಮಾತಾಡಬೇಕಾದ ಮಂತ್ರಿಯಿಲ್ಲ, ಪತ್ರಕರ್ತನಿಲ್ಲ, ಪೊಲೀಸ್ ಇಲಾಖೆಯಿಲ್ಲ, ಸ್ವಂತ ತಮ್ಮನೂ ಇಲ್ಲ. ಒಬ್ಬನೇ ಮನೆ ಬದಲಿಸಬಹುದು, ಮೊಹಲ್ಲಾವನ್ನು ಹೊತ್ತೊಯ್ಯಲಾಗದು.

ಆದರೆ ನನ್ನ ದೃಷ್ಟಿಯಲ್ಲಿ ಇದಕ್ಕಿಂತ ದೊಡ್ಡ ತೊಡಕು ಹೊಣೆಗಾರಿಕೆಯದು. 2020ರ ಆಗಸ್ಟ್ 11ರ ರಾತ್ರಿಯನ್ನು ನೆನೆಯಿರಿ. ಒಂದು ಫೇಸ್‌ಬುಕ್ ಪೋಸ್ಟ್‌ನಿಂದ ಡಿ.ಜೆ. ಹಳ್ಳಿ, ಕೆ.ಜಿ. ಹಳ್ಳಿ ಹೊತ್ತಿ ಉರಿದವು. ಗೋಲಿಬಾರಿನಲ್ಲಿ ಜೀವಗಳು ಹೋದವು. ನೂರಾರು ಯುವಕರು ಜೈಲು ಸೇರಿದರು. ಸುದ್ದಿಯನ್ನು ಪರಿಶೀಲಿಸಿರೆಂಬ ಸೂರಃ ಅಲ್ ಹುಜುರಾತ್‌ನ ಆದೇಶವನ್ನು ಅರಿತ ಸಮುದಾಯವೇ ಆ ರಾತ್ರಿ ಸಂಯಮ ಕಳೆದುಕೊಂಡದ್ದು ನಮ್ಮ ವೈಫಲ್ಯ. ಅದನ್ನು ಕಂಪೆನಿಯ ತಲೆಗೆ ಕಟ್ಟಲಾಗದು. ಆದರೆ ಅಂಥದೇ ಪೋಸ್ಟ್ ನಾಳೆ ನಮ್ಮದೇ ಸರ್ವರ್‌ನಲ್ಲಿ ಬಂದರೆ ನಡುರಾತ್ರಿ ಎದ್ದು ಅಳಿಸುವವರು ಯಾರು? ಹಗಲು ಬೇರೆ ನೌಕರಿ ಮಾಡಿ, ಬಾಡಿಗೆಯನ್ನು ಜೇಬಿನಿಂದ ಕಟ್ಟುವ ಒಬ್ಬ ಸ್ವಯಂಸೇವಕನೇ? 2021ರ ಐಟಿ ನಿಯಮಗಳ ಪ್ರಕಾರ ಸಣ್ಣ ತಾಣವೂ ದೂರು ಸ್ವೀಕರಿಸುವ ಅಧಿಕಾರಿಯನ್ನು ಹೊಂದಿರಬೇಕು. ಖಾತೆಗಳನ್ನು ತಡೆಹಿಡಿಯುವ ಕೇಂದ್ರದ ಆದೇಶಗಳನ್ನು ಪ್ರಶ್ನಿಸಿದ ಟ್ವಿಟರ್‌ನ ಅರ್ಜಿಯನ್ನೇ ಕರ್ನಾಟಕ ಹೈಕೋರ್ಟ್ 2023ರ ಜೂನ್ 30ರಂದು ವಜಾಗೊಳಿಸಿ 50 ಲಕ್ಷ ರೂಪಾಯಿ ದಂಡ ವಿಧಿಸಿತು. ಅಷ್ಟು ದೊಡ್ಡ ಸಂಸ್ಥೆಯ ಪಾಡೇ ಹಾಗಾದರೆ, ಆ ಸ್ವಯಂಸೇವಕನ ಮನೆ ಬಾಗಿಲಿಗೆ ನೋಟಿಸ್ ಬಂದಾಗ ಅವನ ಜೊತೆ ನಿಲ್ಲುವವರು ಯಾರು?

'ಹಾಗಾದರೆ ಮುಸ್ಲಿಮರದೇ ಒಂದು ತಾಣವಿರಲಿ' ಎನ್ನುವವರಿದ್ದಾರೆ. 2010ರಲ್ಲಿ ಪಾಕಿಸ್ತಾನದಲ್ಲಿ ಫೇಸ್‌ಬುಕ್ ನಿಷೇಧವಾದಾಗ ಲಾಹೋರಿನಲ್ಲಿ 'ಮಿಲ್ಲತ್ ಫೇಸ್‌ಬುಕ್' ಹುಟ್ಟಿತು. ಇಂದು ಅದರ ಹೆಸರು ಯಾರಿಗೆ ನೆನಪಿದೆ? ಈಗಾಗಲೇ ಬಾಡಿಗೆ ಮನೆಗಾಗಿ ಅಲೆದು ನಮ್ಮ ಕೇರಿಗಳಿಗೇ ಮರಳುವವರಿಗೆ ಅಂತರ್ಜಾಲದಲ್ಲೂ ಒಂದು ಕೇರಿ ಕಟ್ಟಿಕೊಡುವುದು ಉಪಕಾರವಲ್ಲ. ನಮ್ಮ ಮಾತು ಇಂದಿರಾನಗರದವರ ಕಿವಿಗೂ ಬೀಳಬೇಕು. ಇನ್ನು ಸ್ವದೇಶಿ ಕಂಪೆನಿಯೇ ಪರಿಹಾರವೆಂದು ನಂಬಿದವರು, ಕನ್ನಡಕ್ಕೆ ಮೊದಲ ಮಣೆ ಹಾಕಿದ ಬೆಂಗಳೂರಿನದೇ 'ಕೂ' 2024ರ ಜುಲೈನಲ್ಲಿ ಬಾಗಿಲು ಮುಚ್ಚಿದ್ದನ್ನು ಕಂಡಿದ್ದಾರೆ.

ದಾರಿ ಕಾನೂನಿನಲ್ಲಿದೆ. ಮೊಬೈಲ್ ಕಂಪೆನಿ ಬದಲಿಸಿದರೂ ನಂಬರ್ ಉಳಿಸಿಕೊಳ್ಳುವ ಸೌಲಭ್ಯ 2011ರ ಜನವರಿಯಲ್ಲಿ ದೇಶವಿಡೀ ಜಾರಿಗೆ ಬಂತು. ಯಾವ ಸಿಮ್‌ನಿಂದ ಯಾವ ಸಿಮ್‌ಗಾದರೂ ಕರೆ ಹೋಗುತ್ತದೆ. ಸಂದೇಶಕ್ಕೂ ಹಾಗೇಕಿರಬಾರದು? ಇತರ ಸೇವೆಗಳು ಕೇಳಿದರೆ ವಾಟ್ಸ್ಆ್ಯಪ್ ತನ್ನ ಬಾಗಿಲು ತೆರೆಯಬೇಕೆಂದು ಯುರೋಪಿನ ಒಕ್ಕೂಟ ಕಾನೂನು ಮಾಡಿದೆ. 2024ರ ಮಾರ್ಚ್‌ನಿಂದ ಅದು ಅನ್ವಯವಾಗಿದೆ. ವಕ್ಫ್, ಮೀಸಲಾತಿಗಳ ಮನವಿ ಪತ್ರ ಹಿಡಿದು ವಿಧಾನಸೌಧ, ದಿಲ್ಲಿಗೆ ಹೋಗುವ ನಮ್ಮ ಸಂಘಟನೆಗಳು ಈ ಬೇಡಿಕೆಯನ್ನೂ ಸೇರಿಸಬಹುದು. ಅಲ್ಲಿಯವರೆಗೆ ಜಮಾಅತ್ ಸಮಿತಿಗಳು ಕನಿಷ್ಠ ಪಕ್ಷ ಸದಸ್ಯರ ಪಟ್ಟಿ, ವಿದ್ಯಾರ್ಥಿವೇತನದ ವಿವರ, ರಕ್ತದಾನಿಗಳ ದೂರವಾಣಿ ಸಂಖ್ಯೆಗಳನ್ನು ವಾಟ್ಸ್ಆ್ಯಪ್ ಗುಂಪಿನಲ್ಲೇ ಬಿಡದೆ ಮಸೀದಿಯ ದಫ್ತರಿನಲ್ಲಿ ಬರೆದಿಡಲಿ.